ಅರಿಸಿನ ಬಣ್ಣದ ಗಾಡಿ

ಮಗಳ ಮನೆಗೆ ಹೋದ ವಾರದೊಳಗೇ ನನ್ನಾಕೆಯ ಮಂಡಿನೋವು ಹೆಚ್ಚಾಯಿತು. ಕೆರೆ ಒಂದೇ ಮೈಲಿ ದೂರ, ಅವಳಿಗೆ ಅದೂ ಆಗದು. ದಿನವಿಡೀ ಕಿಟಕಿ ಪಕ್ಕ ಕೂತಿರುತ್ತಿದ್ದಳು.

ಮಗಳಿರುವುದು ಅಮೆರಿಕದ ಜಾರ್ಜಿಯಾದ ಪೀಚ್‌ಟ್ರೀ ಸಿಟಿಯಲ್ಲಿ. ಅಲ್ಲಿ ರಸ್ತೆಗಳಲ್ಲದೆ ಮರಗಳ ನಡುವೆ ಸುಮಾರು 160 ಕಿಲೋಮೀಟರ್ ಕಿರುದಾರಿಗಳಿವೆ. ನಡೆಯುವವರು, ಸೈಕಲ್ಲಿನವರು, ಗಾಲ್ಫ್ ಕಾರ್ಟಿನವರು ಎಲ್ಲರಿಗೂ ಅದೇ ದಾರಿ. ಗಾಲ್ಫ್ ಆಡಲು ಬಾರದವರೂ ಕಾರ್ಟಿನಲ್ಲೇ ಸಾಮಾನು ತರುತ್ತಾರೆ! ಅಳಿಯ ಅತ್ತೆಗಾಗಿ ಹಳೆಯ ಕಾರ್ಟೊಂದನ್ನು ಕೊಂಡು ತಂದ. ಓಟ ಚೆನ್ನಾಗಿತ್ತು, ಮೈಬಣ್ಣ ಮಾತ್ರ ಬಿಸಿಲಿಗೆ ಸತ್ತುಹೋಗಿತ್ತು.

"ಈ ಬೂದಿಬಡುಕನಲ್ಲಿ ನಾನು ಕೂರಲ್ಲ ರೀ" ಎಂದಳು.

"ನಾನೇ ಬಣ್ಣ ಹೊಡೀತೀನಿ" ಎಂದೆ. ನಿಜ ಹೇಳಬೇಕೆಂದರೆ ಆ ಮನೆಯಲ್ಲಿ ನನಗೆ ಕೆಲಸವೇ ಇರಲಿಲ್ಲ. ಪಾತ್ರೆ ತೊಳೆಯಲೂ ಯಂತ್ರ. ಊರಲ್ಲಿ ಗೇಟಿಗೆ, ಕಿಟಕಿ ಸರಳಿಗೆ ಬಣ್ಣ ಹೊಡೆದವನಿಗೆ ಇದೇನು ಮಹಾ?

ಸೋಪು ನೀರಲ್ಲಿ ತೊಳೆದು, ಉಪ್ಪುಕಾಗದ ತಿಕ್ಕಿ, ಸ್ಪ್ರೇ ಡಬ್ಬಿ ಹಿಡಿದು ಒಂದೇ ಸಲಕ್ಕೆ ದಪ್ಪಗೆ ಹೊಡೆದೆ. ಹಳದಿ ಬಣ್ಣ ಗಿಣ್ಣಿನಂತೆ ಇಳಿಯಿತು. ಮೂರನೇ ದಿನ ಅಂಟುಪಟ್ಟಿ ಕಿತ್ತರೆ ಅದರ ಜೊತೆ ಬಣ್ಣವೂ ಹಪ್ಪಳದ ಹಾಗೆ ಎದ್ದು ಬಂತು. ಅಳಿಯ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಹನ್ನೊಂದು ವರ್ಷದ ಮೊಮ್ಮಗ ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದಿದ. "ತಾತ, ಇದು ಕಬ್ಬಿಣ ಅಲ್ಲ, ಪ್ಲಾಸ್ಟಿಕ್. ಮೊದಲು ಬೇರೆ ಏನೋ ಹೊಡೀಬೇಕಂತೆ." ಜೀವನವಿಡೀ ಗ್ರಾಹಕರಿಗೆ 'ಓದಿ ಸಹಿ ಮಾಡಿ' ಎಂದವನು ನಾನು!

ಇಬ್ಬರೂ ಮೊದಲಿನಿಂದ ಶುರುಮಾಡಿದೆವು. ಅಳಿಯ ಬ್ಯಾಟರಿ ಸಂಪರ್ಕ ತಪ್ಪಿಸಿ ಮೈಭಾಗಗಳನ್ನು ಬಿಚ್ಚಿಕೊಟ್ಟ. ಮೇಣ, ಜಿಡ್ಡು ತೆಗೆಯುವ ದ್ರವದಿಂದ ಒರೆಸಿದೆವು. ನೀರು ಚಿಮುಕಿಸಿದಾಗ ಹನಿಹನಿಯಾಗಿ ನಿಂತರೆ ಜಿಡ್ಡು ಇನ್ನೂ ಇದೆ ಎಂದರ್ಥ, ಹಾಳೆಯಂತೆ ಹರಡಿದರೆ ಸರಿ. ಆ ಪರೀಕ್ಷೆ ಮೊಮ್ಮಗನದು, ನನ್ನನ್ನು ಎರಡು ಸಲ ಫೇಲು ಮಾಡಿದ. 320ರ ಉಪ್ಪುಕಾಗದ, ಆಮೇಲೆ ನೀರು ಹಾಕಿ 600ರದು. ಪ್ಲಾಸ್ಟಿಕ್ಕಿಗೆ ಬಣ್ಣ ಹಿಡಿಸುವ ಅಡ್‌ಹೀಷನ್ ಪ್ರೊಮೋಟರ್, ಪ್ರೈಮರ್, ನಂತರ ತೆಳ್ಳಗೆ ಮೂರು ಕೋಟು ಬಣ್ಣ, ಕೊನೆಗೆ ಕ್ಲಿಯರ್ ಕೋಟ್. ಗ್ಯಾರೇಜಿನ ಬಾಗಿಲು ತೆರೆದಿಟ್ಟು, ನಾನು ಮುಖವಾಡ ಹಾಕಿಕೊಂಡು ಹೊಡೆದೆ. ಅವನು ಹೊರಗೆ ಗಡಿಯಾರ ನೋಡುತ್ತಾ "ಇನ್ನೂ ಟೈಮ್ ಆಗಿಲ್ಲ ತಾತ" ಎಂದು ತಡೆಯುತ್ತಿದ್ದ.

ಗಾಡಿ ಹೊರಟ ದಿನ ನನ್ನಾಕೆ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟಳು. "ಅಜ್ಜಿ, ಜ್ಯೂಸ್ ಮಾಡೋಕಾ?" ಎಂದ ಮೊಮ್ಮಗ. ಹಿಂಬದಿಯಲ್ಲಿ ಒಂದು ಕಡೆ ಬಣ್ಣ ಇಳಿದ ಗೆರೆ ಉಳಿದಿತ್ತು. ನೋಡಿದಳು, ಏನೂ ಹೇಳದೆ ಸೆರಗು ಸರಿಮಾಡಿ ಹತ್ತಿ ಕೂತಳು. ಸಂಜೆ ಕೆರೆಯಿಂದ ಬಂದವಳೇ ಕೇಳಿದ್ದು, "ನಾಳೆ ಎಷ್ಟು ಹೊತ್ತಿಗೆ ಹೊರಡೋದು?"