ಅರವತ್ತೈದರಲ್ಲಿ ಅ ಆ ಇ ಈ

ಯಶವಂತಪುರದಲ್ಲಿ ಬೆಳಿಗ್ಗೆ ಹತ್ತಿದ ಪ್ಯಾಸೆಂಜರ್ ಗಾಡಿ ಗುಬ್ಬಿಯಲ್ಲಿ ನಿಂತಾಗ ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಈ ಊರಿಗೆ 1839ರಲ್ಲಿ ವಿಲಿಯಂ ಆರ್ಥರ್ ಎಂಬ ಐರ್ಲೆಂಡಿನ ಹುಡುಗ ಬಂದಿದ್ದ. ವೆಸ್ಲಿಯನ್ ಮಿಷನ್ನಿನವನು, ವಯಸ್ಸು ಇಪ್ಪತ್ತು. ಕನ್ನಡ ಕಲಿಯತೊಡಗಿದ, ಹಳ್ಳಿ ಸುತ್ತಿದ. ಎರಡು ವರ್ಷ ತುಂಬುವುದರೊಳಗೆ ಆರೋಗ್ಯ ಕೆಟ್ಟು 1841ರಲ್ಲಿ ಹಡಗು ಹತ್ತಿ ಹಿಂದಿರುಗಿದ. ಆಮೇಲೆ ಅಲ್ಲಿ ಕುಳಿತು ಮೈಸೂರು ಸೀಮೆಯ ಬಗ್ಗೆ ಒಂದು ಪುಸ್ತಕ ಬರೆದ. ಆ ಕಾಲದಲ್ಲಿ ಕಡಲಾಚೆಯಿಂದ ಧರ್ಮಪ್ರಚಾರಕ್ಕೆ ಬಂದವರೆಲ್ಲ ಹೆಚ್ಚುಕಡಿಮೆ ಹೀಗೆಯೇ, ಮೀಸೆ ಮೂಡುವ ವಯಸ್ಸಿನಲ್ಲಿ ಬಂದವರು. ಜ್ವರ, ಭೇದಿ ದಾಟಿ ಉಳಿದವರು ಭಾಷೆ ಕಲಿತರು. ಇಡೀ ಆಯುಷ್ಯ ಮುಂದಿತ್ತು, ಕಲಿಯಲು ಪುರುಸೊತ್ತೂ ಇತ್ತು.

ಆರ್ಥರ್ ನೆನಪಾದದ್ದು ಸುಮ್ಮನೆ ಅಲ್ಲ. ಬೆಂಗಳೂರಿನಲ್ಲಿ ನಮ್ಮ ಬೀದಿಗೆ ಅಮೆರಿಕದ ವೃದ್ಧ ದಂಪತಿ ಬಾಡಿಗೆಗೆ ಬಂದಿದ್ದಾರೆ. ಆತನಿಗೆ ಅರವತ್ತೇಳು, ಆಕೆಗೆ ಅರವತ್ತೈದು. ಮೊದಲ ಸಲ ಆಕೆಯನ್ನು ಕಂಡದ್ದು ತಳ್ಳುಗಾಡಿಯ ಮುಂದೆ. ದಂಟಿನ ಸೊಪ್ಪಿನ ಕಟ್ಟು ಹಿಡಿದು, ಒಂದೊಂದೇ ಅಕ್ಷರ ಬಿಡಿಸಿ, ‘ಇದು ಎಷ್ಟು?’ ಎಂದು ಕೇಳುತ್ತಿದ್ದರು. ಗಾಡಿಯವನು ನಗುತ್ತ ಹಿಂದಿಯಲ್ಲಿ ಉತ್ತರ ಕೊಟ್ಟ. ಆಕೆಯ ಚೀಲದಲ್ಲಿ ಒಂದು ಕಾಪಿ ಪುಸ್ತಕ. ಅದರಲ್ಲಿ ಅ ಆ ಇ ಈ ತಿದ್ದಿದ್ದರು; ನನ್ನ ಮೊಮ್ಮಗಳ ಅಕ್ಷರಕ್ಕಿಂತ ತುಸು ಸೊಟ್ಟ.

ಇವರು ಮಾರ್ಮನ್ ಎಂದು ಜನ ಕರೆಯುವ ಸಭೆಯವರು. ಪೂರ್ತಿ ಹೆಸರು ಉದ್ದ: ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್. ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿ ಇದರ ಕೇಂದ್ರ. ಬಿಳಿ ಅಂಗಿ ತೊಟ್ಟು, ಎದೆಗೆ ಹೆಸರಿನ ಬಿಲ್ಲೆ ಸಿಕ್ಕಿಸಿಕೊಂಡು ಇಬ್ಬಿಬ್ಬರಾಗಿ ನಡೆಯುವ ಇದರ ತರುಣರನ್ನು ನೀವು ನೋಡಿರಬಹುದು. ಹದಿನೆಂಟರ ಹುಡುಗನಿಗೂ ‘ಎಲ್ಡರ್’, ಅಂದರೆ ಹಿರಿಯ ಎಂಬ ಬಿರುದು! ಎರಡು ವರ್ಷ ಅವರು ಹೇಳಿದ ಊರಿನಲ್ಲಿ ಇರಬೇಕು. ಆದರೆ ನಿಜವಾದ ಹಿರಿಯರೂ ಹೋಗುತ್ತಾರೆ ಎಂಬುದು ನನಗೆ ಗೊತ್ತಿರಲಿಲ್ಲ. ನೌಕರಿ ಮುಗಿದು, ಮಕ್ಕಳು ದಡ ಸೇರಿದ ಮೇಲೆ ಗಂಡ ಹೆಂಡತಿ ಜೊತೆಯಾಗಿ ಅರ್ಜಿ ಹಾಕಿಕೊಳ್ಳುತ್ತಾರೆ. ಆರು ತಿಂಗಳಿಂದ ಎರಡು ವರ್ಷದ ಹತ್ತಿರದವರೆಗೆ ಅವಧಿ. ಸಂಬಳವಿಲ್ಲ, ಖರ್ಚು ಅವರದೇ. ತರುಣರಂತೆ ಬಾಗಿಲು ತಟ್ಟುವ ಕೆಲಸವೂ ಇಲ್ಲ. ಕಚೇರಿಯ ಲೆಕ್ಕಪತ್ರ, ಸಭೆಯ ಹೊಸಬರಿಗೆ ಒತ್ತಾಸೆ, ಕುಡಿಯುವ ನೀರು, ಗಾಲಿಕುರ್ಚಿಯಂಥ ನೆರವಿನ ಕೆಲಸ.

ಇವರ ಬೆಂಗಳೂರು ಮಿಷನ್ ಆರಂಭವಾದದ್ದು 1993ರಲ್ಲಿ. ಅದರ ಮೊದಲ ಮುಖ್ಯಸ್ಥರಾಗಿ ಬಂದವರೂ ಒಬ್ಬ ದಂಪತಿಯೇ: ಪಂಜಾಬಿನ ಹಳ್ಳಿಯಿಂದ ಓದಲು ಅಮೆರಿಕಕ್ಕೆ ಹೋಗಿ, ಅಲ್ಲಿ ಆ ಸಭೆ ಸೇರಿ, ಗಣಿತದ ಪ್ರಾಧ್ಯಾಪಕರಾಗಿದ್ದ ಗುರುಚರಣ್ ಸಿಂಗ್ ಗಿಲ್ ಮತ್ತು ಅವರ ಪತ್ನಿ ವೈಲೋ.

ತಿಪಟೂರು ದಾಟಿದೊಡನೆ ತೆಂಗು ಇನ್ನಷ್ಟು ದಟ್ಟವಾಯಿತು. ಅರಸೀಕೆರೆಯಲ್ಲಿ ಇಳಿದು, ವಡೆ ತಿಂದು, ಕಣಕಟ್ಟೆಯ ಬಸ್ಸು ಹತ್ತಿದೆ.

ಕಣಕಟ್ಟೆ ಅರಸೀಕೆರೆ ತಾಲ್ಲೂಕಿನ ಹೋಬಳಿ ಊರು. ಬೇಲೂರು ಹಳೇಬೀಡಿಗೆ ಬರುವ ಬಸ್ಸುಗಟ್ಟಲೆ ಶಾಲಾ ಮಕ್ಕಳಲ್ಲಿ ಒಬ್ಬರೂ ಇತ್ತ ತಿರುಗುವುದಿಲ್ಲ; ತಿರುಗಬೇಕಾದ ಕಾರಣವೂ ಇಲ್ಲವೆನ್ನಿ. ರಾಗಿ ಹೊಲ, ತೆಂಗಿನ ತೋಟ, ಮಳೆ ಕೈಕೊಟ್ಟ ವರ್ಷ ಕೊಳವೆ ಬಾವಿಯ ಚಿಂತೆ. ನನ್ನ ಅಕ್ಕನನ್ನು ಕೊಟ್ಟದ್ದು ಇಲ್ಲಿಗೆ. ಮನೆಯ ಅಟ್ಟದ ತುಂಬ ತೆಂಗಿನಕಾಯಿ. ಈ ಸೀಮೆಯ ಉಂಡೆ ಕೊಬ್ಬರಿಯ ಗುಟ್ಟು ಆ ಅಟ್ಟವೇ. ಸಿಪ್ಪೆ ಸುಲಿಯದೆ ಕಾಯನ್ನು ಹನ್ನೊಂದು ತಿಂಗಳೋ ವರ್ಷವೋ ಅಲ್ಲಿ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ಆಗ ಒಡೆದರೆ ಚೆಂಡಿನಂಥ ಕೊಬ್ಬರಿ. ಒಣಗಿಸುವ ಅವಸರ ಮಾಡಿದವನಿಗೆ ಅದು ದಕ್ಕುವುದಿಲ್ಲ.

ನಾನು ಬಂದದ್ದು ಪಂಚಾಯಿತಿಗೆ. ಅಕ್ಕನ ಮಗಳು ಅಮೆರಿಕದಲ್ಲಿದ್ದಾಳೆ. ಎರಡನೆಯ ಹೆರಿಗೆಯಾಗಿದೆ, ಆರು ತಿಂಗಳು ಬಂದಿರಿ ಎಂದು ಕರೆಯುತ್ತಿದ್ದಾಳೆ. ಮೊದಲನೆಯ ಮಗುವನ್ನೂ ಇವರು ಫೋನಿನ ಪರದೆಯಲ್ಲಿ ಮಾತ್ರ ನೋಡಿದ್ದು. ಭಾವ ಒಪ್ಪುತ್ತಿಲ್ಲ.

‘ಅಲ್ಲಿಗೋಗಿ ಏನ್ ಮಾಡ್ಲಿ? ಯಾರ ಹತ್ರ ಮಾತಾಡ್ಲಿ? ಇಂಗ್ಲೀಷು ಬರಲ್ಲ. ಅಟ್ಟದ ಕಾಯಿ ಯಾರು ಇಳಿಸ್ತಾರೆ?’ ಎಂದರು ಭಾವ, ಕಾಫಿ ಲೋಟ ಕೆಳಗಿಡುತ್ತ.

ನಾನು ನಮ್ಮ ಬೀದಿಯ ದಂಪತಿಯ ಕಥೆ ಹೇಳಿದೆ. ದಂಟಿನ ಸೊಪ್ಪು, ಕಾಪಿ ಪುಸ್ತಕ ಎಲ್ಲ. ಭಾವ ಕೇಳಿಸಿಕೊಂಡು ನೇರ ಬುಡಕ್ಕೆ ಬಂದರು.

‘ಅವ್ರು ಬಂದಿದ್ಯಾಕೆ? ನಮ್ಮಲ್ಲಿ ದೇವ್ರಿಲ್ಲ ಅಂತಲಾ?’

ಮೇಷ್ಟರಾಗಿ ಮೂವತ್ತು ವರ್ಷ ಪಾಠ ಮಾಡಿದವನು ನಾನು, ಆದರೂ ತಡವರಿಸಿದೆ. ಆ ಪ್ರಶ್ನೆಯಲ್ಲಿ ನ್ಯಾಯವಿದೆ. ತಮ್ಮ ನಂಬಿಕೆ ಇತರರಿಗೂ ತಲುಪಲಿ ಎಂಬುದು ಅವರ ಉದ್ದೇಶ. ಅದನ್ನು ಅವರು ಮುಚ್ಚಿಡುವುದಿಲ್ಲ, ನಾನೂ ಮುಚ್ಚಿಡಬಾರದು. ನಮ್ಮ ಸಂವಿಧಾನದ 25ನೇ ವಿಧಿ ಧರ್ಮವನ್ನು ನಂಬುವ, ಆಚರಿಸುವ, ಪ್ರಚಾರ ಮಾಡುವ ಹಕ್ಕು ಕೊಟ್ಟಿದೆ. ಪ್ರಚಾರದ ಹಕ್ಕೆಂದರೆ ಇನ್ನೊಬ್ಬನನ್ನು ಮತಾಂತರ ಮಾಡುವ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟು 1977ರಲ್ಲಿ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಹೇಳಿದೆ. ಪ್ರವಾಸಿ ವೀಸಾದಲ್ಲಿ ಬಂದ ವಿದೇಶಿಯರು ಧರ್ಮಪ್ರಚಾರ ಮಾಡುವಂತಿಲ್ಲ, ಮಿಷನರಿ ಕೆಲಸಕ್ಕೆ ಬೇರೆಯೇ ವೀಸಾ ಉಂಟು. ಇಷ್ಟನ್ನು ಹೇಳಿದೆ. ಭಾವನಿಗೆ ಪೂರ್ತಿ ಸಮಾಧಾನವಾಗಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಆಗಿಲ್ಲ. ಆದರೆ ಮನೆ ಮಠ ಬಿಟ್ಟು ಈ ವಯಸ್ಸಿನಲ್ಲಿ ಸೊಪ್ಪಿನವನ ಮುಂದೆ ತೊದಲುವ ಧೈರ್ಯವನ್ನು ಅದೇ ಲೆಕ್ಕಕ್ಕೆ ಹಾಕಿ ಅಳಿಸಿಬಿಡಲು ನನ್ನಿಂದಾಗದು.

ಅಕ್ಕನ ಪ್ರಶ್ನೆ ಬೇರೆ.

‘ಆಯಮ್ಮಂಗೆ ಮೊಮ್ಮಕ್ಕಳವ್ರಾ?’

‘ಒಂಬತ್ತು ಜನ ಅಂತೆ ಅಕ್ಕ.’

‘ಒಂಬತ್ತು ಜನರನ್ನ ಬಿಟ್ಟು ಬಂದವ್ಳೆ.’ ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ನನ್ನನ್ನ ಇಬ್ಬರ ಹತ್ರ ಹೋಗಕ್ಕೇ ಬಿಡ್ತಿಲ್ಲ ಕಣೋ.’

ಭಾವ ಎದ್ದು ಹಿತ್ತಿಲ ಕಡೆ ಹೋದರು. ಆ ರಾತ್ರಿ ಅದರ ಮಾತು ಮತ್ತೆ ಬರಲಿಲ್ಲ.

ಬೆಳಿಗ್ಗೆ ಭಾವನಿಗೆ ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿಯ ಕೆಲಸವಿತ್ತು. ಜೊತೆಗೆ ಹೋದೆ. ಮಂಡಿಯ ಕೆಲಸ ಬೇಗ ಮುಗಿದು, ಊರ ಶಿವಾಲಯಕ್ಕೆ ಹೋದೆವು. ಸುಮಾರು 1220ರ ಹೊಯ್ಸಳ ಗುಡಿ. ನಕ್ಷತ್ರದ ಆಕಾರದ ತೆರೆದ ಮುಖಮಂಟಪ ಇದರ ವಿಶೇಷ. ಹಳೇಬೀಡಿನ ಗದ್ದಲ ಇಲ್ಲಿಲ್ಲ. ಮಕ್ಕಳನ್ನು ಕರೆತರುವ ತಂದೆತಾಯಿಗಳು ಇಲ್ಲಿಗೆ ಒಂದು ಗಂಟೆ ಎತ್ತಿಟ್ಟರೆ ನಷ್ಟವಿಲ್ಲ.

ಮಂಟಪದಲ್ಲಿ ಕುಳಿತು ಭಾವನಿಗೆ ಇನ್ನೊಂದು ದಂಪತಿಯ ಕಥೆ ಹೇಳಿದೆ. ಲಂಡನ್ ಮಿಷನ್ನಿನ ಬೆಂಜಮಿನ್ ರೈಸ್ ಪತ್ನಿಯೊಡನೆ ಬೆಂಗಳೂರಿಗೆ ಬಂದದ್ದು 1837ರಲ್ಲಿ. ಅದೇ ವರ್ಷ ಅಲ್ಲಿಯೇ ಅವರಿಗೆ ಮಗ ಹುಟ್ಟಿದ. ತಂದೆ ಐವತ್ತು ವರ್ಷ ಸೇವೆ ಮಾಡಿ 1887ರಲ್ಲಿ ತೀರಿಕೊಂಡರು. ಮಗನೇ ಬಿ.ಎಲ್. ರೈಸ್. ಆತ ಪಾದ್ರಿಯಾಗಲಿಲ್ಲ, ಕಲ್ಲುಗಳ ಹಿಂದೆ ಬಿದ್ದ. ‘ಎಪಿಗ್ರಾಫಿಯಾ ಕರ್ನಾಟಿಕ’ದ ಐದನೇ ಸಂಪುಟ, 1902ರದು, ಹಾಸನ ಜಿಲ್ಲೆಯದು. ಬೇಲೂರಿನ ಜೊತೆಗೆ ಈ ಅರಸೀಕೆರೆ ತಾಲ್ಲೂಕಿನ ಶಾಸನಗಳೂ ಅದರಲ್ಲಿವೆ. ನಮ್ಮ ಅಜ್ಜಂದಿರು ಬಟ್ಟೆ ಒಗೆಯಲು, ಎತ್ತು ಕಟ್ಟಲು ಬಳಸುತ್ತಿದ್ದಂಥ ಕಲ್ಲುಗಳಲ್ಲಿ ಯಾರು ಕೆರೆ ಕಟ್ಟಿಸಿದರು, ಯಾರು ದನ ಕಾಯುತ್ತ ಸತ್ತರು ಎಂಬುದು ಬರೆದಿತ್ತೆಂದು ಓದಿ ಹೇಳಿದವರಲ್ಲಿ ಆ ದಂಪತಿಯ ಮಗ ದೊಡ್ಡವನು.

‘ಅವ್ರು ಬಂದಾಗ ವಯಸ್ನಲ್ಲಿ ಬಂದ್ರು. ಕಲ್ತ್ರು,’ ಎಂದರು ಭಾವ. ಗುಬ್ಬಿಯಲ್ಲಿ ನನಗೆ ಹೊಳೆದದ್ದೂ ಅದೇ.

ಆಗ ಕಿಟೆಲ್ ನೆನಪಾದರು. ಜರ್ಮನಿಯ ಫರ್ಡಿನೆಂಡ್ ಕಿಟೆಲ್ ಬಾಸೆಲ್ ಮಿಷನ್ನಿನಿಂದ 1853ರಲ್ಲಿ, ಇಪ್ಪತ್ತೊಂದರ ತರುಣರಾಗಿ ಬಂದವರು. ಇಲ್ಲಿ ಮದುವೆಯಾದ ಪೌಲಿನ್ 1864ರಲ್ಲಿ ತೀರಿಕೊಂಡರು. ಮುಂದೆ ಆಕೆಯ ತಂಗಿ ಜೂಲಿಯನ್ನು ಮದುವೆಯಾದರು. 1877ರಲ್ಲಿ ಊರಿಗೆ ಮರಳಿದವರು ಅಲ್ಲಿಯೇ ಉಳಿಯಬಹುದಿತ್ತು. ಆದರೆ ಕನ್ನಡ ನಿಘಂಟು ಅರ್ಧದಲ್ಲಿತ್ತು. 1883ರಲ್ಲಿ, ಐವತ್ತೊಂದನೆಯ ವಯಸ್ಸಿನಲ್ಲಿ, ಮತ್ತೆ ಕಡಲು ದಾಟಿ ಬಂದರು. ಒಂಬತ್ತು ವರ್ಷ ಕೆಲಸ ಮಾಡಿದರು. ಸುಮಾರು ಎಪ್ಪತ್ತು ಸಾವಿರ ಪದಗಳ ಆ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಆ ಕಾಲದ ಐವತ್ತೊಂದು ಇಂದಿನ ಅರವತ್ತೈದಕ್ಕೆ ಕಡಿಮೆಯಲ್ಲ.

‘ಅವ್ರಿಗೆ ಕೆಲ್ಸ ಇತ್ತು. ನಂಗೇನಿದೆ, ತೊಟ್ಟಿಲು ತೂಗೋದು,’ ಎಂದರು ಭಾವ.

‘ಅದೂ ಕೆಲಸವೇ ಭಾವ. ಆ ಮಗುವಿಗೆ ಕನ್ನಡ ಯಾರು ಹೇಳಿಕೊಡುತ್ತಾರೆ? ಅವಳಿಗೂ ಅಳಿಯನಿಗೂ ಆಫೀಸು.’

ಅವರು ಉತ್ತರ ಕೊಡಲಿಲ್ಲ. ಕಂಬದ ನುಣುಪನ್ನು ಬೆರಳಿನಿಂದ ಸವರುತ್ತ ಕೂತರು.

ಹೊರಗೆ ಬಂದ ಮೇಲೆ ಬಸ್ ನಿಲ್ದಾಣದ ದಾರಿ ಬಿಟ್ಟು ಇನ್ನೊಂದು ಕಡೆ ತಿರುಗಿದರು. ಎಲ್ಲಿಗೆ ಎಂದು ಕೇಳಿದೆ. ಆಧಾರ್ ಕೇಂದ್ರಕ್ಕಂತೆ. ಆಧಾರಿನಲ್ಲಿ ಒಂದು ಇನಿಷಿಯಲ್, ಶಾಲೆಯ ಟಿ.ಸಿ.ಯಲ್ಲಿ ಇನ್ನೊಂದು ಇದೆ. ಹೀಗಿದ್ದರೆ ಪಾಸ್‌ಪೋರ್ಟಿಗೆ ತೊಂದರೆ ಎಂದು ಮಗಳು ಯಾವಾಗಲೋ ಹೇಳಿದ್ದಳಂತೆ. ಅಂಗಿಯ ಜೇಬಿನಿಂದ ಟಿ.ಸಿ.ಯ ನಕಲು ತೆಗೆದರು. ಬೆಳಿಗ್ಗೆಯೇ ಇಟ್ಟುಕೊಂಡು ಬಂದಿದ್ದರು!

ಸರದಿಯಲ್ಲಿ ನಿಂತಾಗ ಅವರು ಕೇಳಿದ್ದು ಒಂದೇ: ‘ಅಟ್ಟದ್ದು ನಾಕು ಕೊಬ್ಬರಿ ತಗೊಂಡೋಗ್ಬೋದಾ ವಿಮಾನದಲ್ಲಿ?’

ಕೊಬ್ಬರಿಯಲ್ಲಿ ಎಣ್ಣೆ ಹೆಚ್ಚು. ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದಾದ ವಸ್ತುಗಳ ಪಟ್ಟಿಯಲ್ಲಿ ಅದಿದೆ, ಇಡೀ ಕೊಬ್ಬರಿಯನ್ನು ಚೆಕ್-ಇನ್ ಸಾಮಾನಿನಲ್ಲಿ ಬಿಡುವುದಿಲ್ಲ. ಹಾಗೆಂದು ಹೇಳಿದೆ.

‘ನಮ್ಮ ಕೊಬ್ಬರಿನಾ?’ ಎಂದು ಭಾವ ನನ್ನ ಮುಖವನ್ನೇ ನೋಡಿದರು.