ಅಂದಾಜು ಸಾಕು, ಅಂಕಿ ಬೇಕು



"ಎಂತಾ ಮಾರಾಯಾ, ಹೋರಾಟ ಬಿಟ್ಟು ರೇಡಿಯೋ ರಿಪೇರಿ ಶುರು ಮಾಡಿದ್ಯಾ?" ಅಂತ ಅಂಕೋಲೆಯ ಗೆಳೆಯರು ಕೇಳ್ತಿದ್ದಾರೆ. ಅವರಿಗೆ ಇದೇ ಉತ್ತರ.

ಮೊನ್ನೆ ಫೋಟೋ ಹಾಕಿದ್ದೆನಲ್ಲ, ಅದು ಹಳೇ ಹ್ಯಾಮ್ ರಿಸೀವರ್. ವಾಲ್ವ್ ಸೆಟ್ಟು. ಕಾರವಾರದ ಗುಜರಿಯಲ್ಲಿ ತೂಕದ ಲೆಕ್ಕದಲ್ಲಿ ಸಿಕ್ಕಿತು. ದನಿ ಚಂದ ಬರುತ್ತೆ, ಆದರೆ ಯಾವ ಫ್ರೀಕ್ವೆನ್ಸಿ ಕೇಳ್ತಿದ್ದೇವೆ ಅಂತ ಗೊತ್ತಾಗಲ್ಲ. ಡಯಲ್ ಮೇಲೆ 7ಕ್ಕೆ ಒಂದು ಗೆರೆ, 8ಕ್ಕೆ ಒಂದು ಗೆರೆ, ಅಷ್ಟೇ. ನಮ್ಮಲ್ಲಿ ಹವ್ಯಾಸಿಗಳ 40 ಮೀಟರ್ ಬ್ಯಾಂಡ್ ಇರೋದು 7000ದಿಂದ 7200 ಕಿಲೋಹರ್ಟ್ಸ್ ಒಳಗೆ. ಮುಳ್ಳು ಕೂದಲೆಳೆ ಸರಿದರೂ ಜಾಗ ತಪ್ಪುತ್ತೆ. "ಅದಕ್ಕೆ ಕೈ ಪಳಗಬೇಕು, ಎಲ್ಲರಿಗೂ ಬರೋದಲ್ಲ" ಅಂದರು ಒಬ್ಬ ಹಿರಿಯರು.

ಈ ಮಾತು ನಮಗೆ ಹೊಸದಾ?

ನಾನು ಗುಮಾಸ್ತ. ಸ್ವೀಕೃತಿ ನಂಬರ್ ಬೀಳದ ಅರ್ಜಿಯ ಗತಿ ಏನು ಅಂತ ದಿನಾ ನೋಡ್ತೇನೆ. "ಕೊಟ್ಟಿದ್ರಾ? ಯಾವಾಗ? ನೋಡುವಾ." ನಂಬರ್ ಬಿತ್ತೋ, ಫೈಲು ಯಾರ ಮೇಜಿನ ಮೇಲಿದೆ ಅಂತ ಕೂಲಿ ಮಾಡುವ ತಾಯಿಯೂ ಗಟ್ಟಿಯಾಗಿ ಕೇಳಬಹುದು. ಅಂದಾಜು ಇದ್ದಲ್ಲಿ 'ಬಲ್ಲವರ' ಯಜಮಾನಿಕೆ. ಅಂಕಿ ಎಲ್ಲರದ್ದು.

ಅದಕ್ಕೇ ಸೆಟ್ಟಿಗೆ ಆರು ಅಂಕಿಯ ಎಲ್‌ಇಡಿ ಕೌಂಟರ್ ಕೂರಿಸಿದೆ. ಆಂಟೆನಾದ ಸಿಗ್ನಲ್ ಬಲು ಸಣ್ಣದು, ಎಣಿಸೋಕಾಗಲ್ಲ. ಸೆಟ್ಟಿನೊಳಗಿನ ಆಸಿಲೇಟರ್ ಎಣಿಸಬೇಕು. ನನ್ನ ಸೆಟ್ಟಿನಲ್ಲಿ ಅದು ಕೇಳುವ ಫ್ರೀಕ್ವೆನ್ಸಿಗಿಂತ 455 ಕಿಲೋಹರ್ಟ್ಸ್ ಮೇಲೆ ಓಡುತ್ತೆ. ಆಸಿಲೇಟರ್ 7555 ಇದ್ದರೆ, 455 ಕಳೆದು ಕೌಂಟರ್ 7100 ತೋರಿಸುತ್ತೆ. ವೈರ್ ನೇರ ಜೋಡಿಸಿದರೆ ಆಸಿಲೇಟರೇ ಜಗ್ಗಿಹೋಗುತ್ತೆ. ಹಾಗಾಗಿ ನಡುವೆ ಕೆಲವೇ ಪಿಕೋಫ್ಯಾರಡ್ ಕೆಪಾಸಿಟರ್, ಒಂದು ಎಫ್‌ಇಟಿ ಬಫರ್. ಡಿಸ್‌ಪ್ಲೇಯ ಗರಗರ ರೇಡಿಯೋಗೆ ಬರಬಾರದು ಅಂತ ಕೌಂಟರಿಗೆ ತಗಡಿನ ಡಬ್ಬಿ. ಹಳೇ ಸೆಟ್ಟಿನಲ್ಲಿ 455 ಅಂದರೆ ಕರಾರುವಾಕ್ಕಾಗಿ 455 ಇರಲ್ಲ. ಅದಕ್ಕೆ ಧಾರವಾಡ ಆಕಾಶವಾಣಿಯ 765 ಹಿಡಿದು ಲೆಕ್ಕ ಸರಿ ಮಾಡಿಕೊಂಡೆ. ಜೋಕೆ, ವಾಲ್ವ್ ಸೆಟ್ಟಿನೊಳಗೆ ಇನ್ನೂರು ಚಿಲ್ಲರೆ ವೋಲ್ಟ್ ಇರುತ್ತೆ. ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರ್ ಹೊಡೆಯುತ್ತೆ.

ಇದು ಬರೀ ಶೋಕಿ ಅಲ್ಲ. 2004ರ ಸುನಾಮಿಯಲ್ಲಿ ಫೋನ್ ಸತ್ತಾಗ ಅಂಡಮಾನಿನಿಂದ ಸುದ್ದಿ ಕಳಿಸಿದವರು ಭಾರತಿ ಪ್ರಸಾದ್ ಮತ್ತು ಜೊತೆಗಿದ್ದ ಹ್ಯಾಮ್‌ಗಳು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದದ್ದನ್ನು ಕಂಡವರು ನಾವು. ಅಂಥಾ ಹೊತ್ತಲ್ಲಿ "ಇಂಥಾ ಫ್ರೀಕ್ವೆನ್ಸಿಗೆ ಬನ್ನಿ" ಅಂದರೆ ಅಲ್ಲಿಗೇ ಹೋಗಬೇಕು.

ಗಾಳಿಯಲ್ಲಿ ಕೇಳೋದು ವಿಯು2, ವಿಯು3 ಅಂತ ಶುರುವಾಗುವ ಕಾಲ್‌ಸೈನ್. ಅದರಲ್ಲಿ ಅಡ್ಡಹೆಸರಿಲ್ಲ, ಕೇರಿ ಇಲ್ಲ. ನೆಲದ ಮೇಲೆ ಹಾಗಿಲ್ಲ. ಹವ್ಯಾಸಿಗಳ ಒಂದು ಕೂಟದಲ್ಲಿ ಚಾ ಕೊಡುವ ಮೊದಲೇ "ನಿಮ್ಮ ಅಡ್ಡಹೆಸರು?" ಅಂದಿದ್ದರು.

1954ರ ಅಕ್ಟೋಬರ್ 3ರಂದು ಬಾಬಾಸಾಹೇಬರು ಆಕಾಶವಾಣಿಯಲ್ಲಿ ಮಾತಾಡಿದರು. ಸ್ವಾತಂತ್ರ್ಯ, ಸಮಾನತೆ, ಬಂಧುತ್ವ ತಾನು ಬುದ್ಧನಿಂದ ಕಲಿತದ್ದು ಅಂದರು. ನಮ್ಮನ್ನು ಒಳಗೆ ಬಿಡದ ಮನೆಗಳಲ್ಲೂ ರೇಡಿಯೋ ಇತ್ತು. ಆ ದನಿಯನ್ನು ಹೊಸಿಲಲ್ಲಿ ನಿಲ್ಲಿಸೋಕೆ ಯಾರಿಂದ ಆದೀತು?

ಕೇರಿಯ ಮಕ್ಕಳೇ, ಹ್ಯಾಮ್ ಪರೀಕ್ಷೆಗೆ 12 ವರ್ಷ ತುಂಬಿದ್ದರೆ ಸಾಕು. ರಿಸ್ಟ್ರಿಕ್ಟೆಡ್ ಗ್ರೇಡಿಗೆ ಮೋರ್ಸ್ ಬೇಕಿಲ್ಲ. ಭಾನುವಾರ ಬನ್ನಿ, ಕೂತು ಓದುವಾ. ಸೆಟ್ಟು ಮೇಜಿನ ಮೇಲಿದೆ, ತಿರುಗಿಸಿ ನೋಡಿ. ಯಾರನ್ನೂ ಕೇಳಬೇಕಿಲ್ಲ.