ಅಡಿಕೆ ಮರದ ತುದಿಯಿಂದ

ಬುಡದಲ್ಲಿ ನಿಂತು ತೋಟ ನೋಡಿದವರು ಅರ್ಧ ತೋಟವನ್ನಷ್ಟೇ ನೋಡಿರುತ್ತಾರೆ. ಉಳಿದರ್ಧ ಇರುವುದು ಮೇಲೆ, ಸೋಗೆಗಳ ಸಂದಿಯಲ್ಲಿ. ಯಲ್ಲಾಪುರ ತಾಲೂಕಿನ ನಮ್ಮ ನಂದೊಳ್ಳಿಯ ಕಡೆ ಅದನ್ನು ಚೆನ್ನಾಗಿ ಬಲ್ಲವನು ಅಡಿಕೆ ಕೊನೆ ಕೊಯ್ಯುವ ಕೊನೆಗೌಡ. ಒಂದು ಮರವೇರಿ ಕೊನೆ ಇಳಿಸಿ, ಅಲ್ಲಿಂದಲೇ ಮರವನ್ನು ಜೀಕಿ ಪಕ್ಕದ ಮರ ಹಿಡಿಯುವ ಅವನಿಗೆ ತೋಟ ಹೇಗೆ ಕಾಣುತ್ತದೆ ಎಂಬ ಕುತೂಹಲ ನನಗೆ ಚಿಕ್ಕಂದಿನದು. ಎಫ್‌ಪಿವಿ ಡ್ರೋನ್ ಹಾರಿಸಲು ಕಲಿತದ್ದು ಆ ಆಸೆಗೇ.

ಮದುವೆಮನೆಯ ಡ್ರೋನ್ ಬೇರೆ, ಇದು ಬೇರೆ. ಅದು ಜಿಪಿಎಸ್ ನೆರವಿನಿಂದ ಆಕಾಶದಲ್ಲಿ ತಾನಾಗಿ ನಿಲ್ಲುತ್ತದೆ. ಎಫ್‌ಪಿವಿ, ಅಂದರೆ ಫಸ್ಟ್ ಪರ್ಸನ್ ವ್ಯೂ ಡ್ರೋನಿನ ಮೂತಿಯಲ್ಲಿ ಪುಟ್ಟ ಕ್ಯಾಮೆರಾ ಇರುತ್ತದೆ. ಅದು ಕಂಡದ್ದೆಲ್ಲ ಆ ಗಳಿಗೆಗೇ ನಾವು ತೊಟ್ಟ ಗಾಗಲ್ಸ್‌ಗೆ ಬರುತ್ತದೆ. ಆಕ್ರೋ ಮೋಡ್‌ನಲ್ಲಿ ರಿಮೋಟಿನ ಕಡ್ಡಿಯನ್ನು ಎಡಕ್ಕೆ ಒತ್ತಿದರೆ ಡ್ರೋನ್ ವಾಲುತ್ತದೆ, ಬಿಟ್ಟರೆ ವಾಲಿದ ಹಾಗೇ ಇರುತ್ತದೆ. ನೆಟ್ಟಗೆ ಮಾಡಬೇಕಾದವರು ನಾವೇ. ಹೀಗಾಗಿ ಮೊದಲು ಕಂಪ್ಯೂಟರಿನ ಸಿಮ್ಯುಲೇಟರ್‌ನಲ್ಲಿ ಕೈ ಪಳಗಬೇಕು. ಬೆರಳು ಯೋಚಿಸುವುದನ್ನು ಬಿಟ್ಟ ದಿನ ಹಾರಾಟ ಶುರುವಾಗುತ್ತದೆ.

ಆಮೇಲೆ ಸಿಗುವ ಸುಖವೇ ಸುಖ! ಸಾಲುಮರಗಳ ನಡುವೆ ನುಗ್ಗಿ, ಕಾಳುಮೆಣಸಿನ ಬಳ್ಳಿಯ ಗುಂಟ ಮೇಲೇರಿ, ಎರಡು ಸೋಗೆಗಳ ನಡುವಿನ ಕಿಂಡಿಯಿಂದ ಆಚೆ ಬಂದರೆ ಒಮ್ಮೆಲೇ ಬಿಸಿಲು, ಕೆಳಗೆ ಅಲೆಯಾಡುವ ಹಸಿರು. ಥ್ರಾಟಲ್ ಇಳಿಸಿದರೆ ಹೊಟ್ಟೆಯೊಳಗೆ ಜುಂ ಎನ್ನುತ್ತದೆ. ಕಾಲು ಮಾತ್ರ ಅಂಗಳದಲ್ಲೇ ಇರುತ್ತದೆ.

ಮಲೆನಾಡಿನ ತೋಟ ಸುಲಭದ ಜಾಗವಲ್ಲ. ಚಿತ್ರ ಬರುವುದು 5.8 ಗಿಗಾಹರ್ಟ್ಸ್ ಅಲೆಯಲ್ಲಿ, ಅದನ್ನು ಒದ್ದೆ ಎಲೆಗಳು ಹೀರಿಬಿಡುತ್ತವೆ. ಹಳೆಯ ಅನಲಾಗ್ ವಿಡಿಯೊದಲ್ಲಿ ಮೊದಲು ಚುಕ್ಕಿಗಳು ಉದುರತೊಡಗುತ್ತವೆ, ಬಳಿಕ ಗೆರೆ ಏಳುತ್ತದೆ, ಆಮೇಲೆ ಪೂರ್ತಿ ಮಬ್ಬು. ಆ ಚುಕ್ಕಿ ಕಂಡಾಗಲೇ ಮೇಲಕ್ಕೇರಿ ತಿರುಗಬೇಕು. ಬ್ಯಾಟರಿಯೂ ಧಾರಾಳಿಯಲ್ಲ. ಐದಿಂಚಿನ ರೆಕ್ಕೆಯ ಡ್ರೋನ್ ಜೋರಾಗಿ ಹಾರಿದರೆ ನಾಲ್ಕೈದು ನಿಮಿಷವಷ್ಟೇ. ಪ್ರತಿ ಸೆಲ್ 3.5 ವೋಲ್ಟ್‌ಗೆ ಇಳಿಯುವ ಹೊತ್ತಿಗೆ ನೆಲಕ್ಕೆ ಬಂದಿರಬೇಕು.

ಇದರಿಂದ ಕೆಲಸವೇನು ಎಂದು ಊರವರು ಕೇಳುತ್ತಾರೆ, ಕೇಳಬೇಕಾದದ್ದೇ. ಬೋರ್ಡೋ ದ್ರಾವಣ ಸಿಂಪಡಿಸುವ ಡ್ರೋನ್ ದೊಡ್ಡದು, ಅದರ ಜಾತಿಯೇ ಬೇರೆ. ಆದರೆ ಎಲೆಚುಕ್ಕಿ ರೋಗ ಯಾವ ಮೂಲೆಯಲ್ಲಿ ಶುರುವಾಗಿದೆ, ಕೊಳೆರೋಗ ಯಾವ ಕೊನೆಗೆ ತಗಲಿದೆ ಎಂದು ಮರ ಹತ್ತದೆ ನೋಡಲು ಈ ಪುಟ್ಟ ಕಣ್ಣು ಸಾಕು. ಕೊನೆಗೌಡರು ಸಿಗುವುದೇ ದುರ್ಲಭವಾಗಿರುವ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಇನ್ನೊಂದು ಉಪಯೋಗ ನನ್ನ ಮನಸ್ಸಿಗೆ ಹತ್ತಿರದ್ದು. 2021ರ ಜುಲೈನಲ್ಲಿ ನಮ್ಮ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ತೋಟ, ರಸ್ತೆಗಳು ಹೋದವು. ಮಾಗೋಡಿನಲ್ಲಿ ಧುಮುಕುವ ನಮ್ಮ ಬೇಡ್ತಿ ನದಿಯೇ ಕೆಳಗೆ ಗಂಗಾವಳಿ. ಅದರ ದಡದ ಶಿರೂರಿನಲ್ಲಿ 2024ರ ಜುಲೈ 16ರಂದು ಹೆದ್ದಾರಿಯ ಮೇಲೆ ಗುಡ್ಡ ಬಿದ್ದಾಗ, ನೀರಲ್ಲಿ ಹೂತ ಲಾರಿಯ ಶೋಧಕ್ಕೆ ಡ್ರೋನ್ ಬಂದಿದ್ದವು. ಅವು ಭಾರಿ ಉಪಕರಣ ಹೊತ್ತ ಪರಿಣತರ ಯಂತ್ರಗಳು. ಆದರೂ ದಾರಿ ಕಡಿದ ಮೊದಲ ಗಂಟೆಯಲ್ಲಿ ಆಚೆ ದಡದ ಮನೆ ನಿಂತಿದೆಯೇ ಎಂದು ನೋಡಿ ಬರಲು, ಕೈಪಳಗಿದ ಒಬ್ಬ ಹುಡುಗನೋ ಹುಡುಗಿಯೋ ಪ್ರತಿ ಊರಲ್ಲೂ ಇರಬೇಕೆಂದು ನನಗೆ ಬಲವಾಗಿ ಅನ್ನಿಸುತ್ತದೆ.

ಕಲಿಯುವವರಿಗೆ ನಾಲ್ಕು ಮಾತು. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂ ಒಳಗಿನ ನ್ಯಾನೋ ಡ್ರೋನಿಗೆ ಪೈಲಟ್ ಪ್ರಮಾಣಪತ್ರ ಬೇಡ, ಅಲ್ಲಿಂದಲೇ ಆರಂಭಿಸಿ. ಹಾರಿಸುವ ಮುನ್ನ ನಿಮ್ಮ ಜಾಗ ಡ್ರೋನ್ ಹಾರಾಟದ ಹಸಿರು ವಲಯದಲ್ಲಿದೆಯೇ ಎಂದು ಸರ್ಕಾರದ ನಕ್ಷೆಯಲ್ಲಿ ನೋಡಿಕೊಳ್ಳಿ. ಗಾಗಲ್ಸ್ ತೊಟ್ಟವನಿಗೆ ಸುತ್ತಲಿನದು ಕಾಣದು; ಪಕ್ಕದಲ್ಲಿ ಬರಿಗಣ್ಣಿನಿಂದ ಡ್ರೋನನ್ನೇ ನೋಡುವ ಇನ್ನೊಬ್ಬರು ನಿಂತಿರಲಿ. ಕಾಡಿನ ಮೇಲೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಹಾರಿಸಲೇಬೇಡಿ. ಬೇಸಿಗೆಯಲ್ಲಿ ಹೆಣ್ಣು ಮಂಗಟ್ಟೆ ಹಕ್ಕಿ ಪೊಟರೆಯೊಳಗೆ ತನ್ನನ್ನೇ ಮುಚ್ಚಿಕೊಂಡು ಮೊಟ್ಟೆಗೆ ಕೂತಿರುತ್ತದೆ, ಗಂಡು ತರುವ ಹಣ್ಣನ್ನೇ ನಂಬಿ. ಅದರ ದಾರಿಗೆ ನಮ್ಮ ಗದ್ದಲ ಅಡ್ಡ ಬರಬಾರದು.

ಬೆಸುಗೆ ಹಾಕುವುದನ್ನೂ ಕಲಿಯಿರಿ. 2022ರ ಫೆಬ್ರವರಿಯಿಂದ ವಿದೇಶದ ಸಿದ್ಧ ಡ್ರೋನ್‌ಗಳ ಆಮದು ನಿಂತಿದೆ, ಬಿಡಿಭಾಗಗಳಿಗೆ ತಡೆಯಿಲ್ಲ. ಸ್ವಂತ ಕೈಯಿಂದ ಕಟ್ಟಿದ ಡ್ರೋನನ್ನು ಸ್ವಂತ ಕೈಯಿಂದಲೇ ರಿಪೇರಿ ಮಾಡಿಕೊಳ್ಳಬಹುದು. ಯಲ್ಲಾಪುರದ ಪೇಟೆಯಲ್ಲಿ ಅದನ್ನು ಮಾಡಿಕೊಡುವವರನ್ನು ಹುಡುಕುತ್ತ ಅಲೆಯಬೇಕಾಗಿಲ್ಲ.